ಎರಡು ಮಿಲ್ಲು, ಎರಡು ಚಪ್ಪರ

ಆ ಶನಿವಾರ ಪೀಳಮೇಡಿನ ನಮ್ಮ ಬೀದಿಯ ಒಲೆಗಳೆಲ್ಲ ಬೇಗ ಆರಿದವು. ಹೆಂಗಸರು ಹೂ ಮುಡಿದು, ಮಕ್ಕಳನ್ನು ಸೊಂಟಕ್ಕೇರಿಸಿ ದಡದಡನೆ ಹೊರಟರು. ಯಾರದೋ ಮದುವೆ ಎಂದುಕೊಂಡೆ. ಫುಟ್‌ಬಾಲಂತೆ, ಊರಿನ ಎರಡು ಮಿಲ್ಲುಗಳ ನಡುವೆ! ಮೈಸೂರಿನಲ್ಲಿ ಮೈದಾನದ ಕಡೆ ಕತ್ತು ತಿರುಗಿಸಿದರೂ ಅಜ್ಜಿ ಗದರುತ್ತಿದ್ದಳು. ಇಲ್ಲಿ ಹೆಂಗಸರು ಮಕ್ಕಳಿಗೆಂದೇ ಚಪ್ಪರ, ಬೆಂಚು, ಕುಡಿಯಲು ಪಾನಕ. ಊರಿಗೆ ಬಂದವಳು ನೀರಿಗೆ ಬರದಿರುತ್ತಾಳೆಯೇ ಎಂದು ನಾನೂ ಮನೆಯೊಡತಿ ರಂಗಮ್ಮನವರ ಹಿಂದೆ ಹೊರಟೆ.

ನಾವು ಮೈಸೂರಿನಿಂದ ಈ ತಮಿಳು ಊರಿಗೆ ಬಂದು ಮೂರು ತಿಂಗಳಾಗಿತ್ತು. ನಮ್ಮ ಮನೆಯವರು ಹೊಸ ಮಿಲ್ಲಿನಲ್ಲಿ ಗುಮಾಸ್ತರು. 'ಸಂಗು' ಕೂಗಿದರೆ ಹೊರಡುತ್ತಾರೆ (ಮಿಲ್ಲಿನ ಸೈರನ್ನಿಗೆ ಇಲ್ಲಿ ಶಂಖವೆಂದೇ ಹೆಸರು). ಮತ್ತೆ ಅದು ಕೂಗುವವರೆಗೆ ನನಗೆ ಗೋಡೆಗಳೇ ಗತಿ. ತಲೆಮಾರುಗಳಿಂದ ಇಲ್ಲೇ ಇರುವ ರಂಗಮ್ಮನವರಿಗೆ ಕನ್ನಡ ಓದಲು ಬಾರದು, ಆಡಲು ಬರುತ್ತದೆ. ಅವರಿಲ್ಲದಿದ್ದರೆ ನಾನು ಮೊದಲ ವಾರವೇ ರೈಲು ಹತ್ತುತ್ತಿದ್ದೆ.

ಎಂಥ ಗದ್ದಲ! ತಮಟೆ, ಸೀಟಿ, ಮರಗಳ ಮೇಲೆಲ್ಲ ಜನ. ಹೊಸ ಮಿಲ್ಲಿನವರು ಗೋಲು ಹೊಡೆದೇಬಿಟ್ಟರು. ನಾನು ಎದ್ದು ನಿಂತು ಚಪ್ಪಾಳೆ ತಟ್ಟಿದೆ. ಸುತ್ತಲಿನವರೆಲ್ಲ ನನ್ನನ್ನು ದುರುಗುಟ್ಟಿ ನೋಡಿದರು. ಮಿಲ್ಲಿಗೊಂದು ಚಪ್ಪರ, ಗಂಡ ದುಡಿಯುವ ಮಿಲ್ಲಿನ ಚಪ್ಪರದಲ್ಲೇ ಹೆಂಡತಿ ಕೂರಬೇಕು ಎಂಬುದು ಆಗ ತಿಳಿಯಿತು. ನಾನು ಕೂತಿದ್ದು ಹಳೆ ಮಿಲ್ಲಿನ ಚಪ್ಪರದಲ್ಲಿ. ಗೋಲು ಬಿಟ್ಟುಕೊಟ್ಟವನು ರಂಗಮ್ಮನವರ ಸ್ವಂತ ತಮ್ಮ!

"ಅಲ್ಲಿ ನೀ ತನಿಯಾ ಇರ್ತೀಯಾಂತ ಕರ್ಕೊಂಡು ಬಂದೆ. ನೀ ನೋಡಿದ್ರೆ ಕುಣೀತೀಯ! ನಿನ್ ಚಪ್ಪರಕ್ಕೇ ಹೋಗು ಕಣ್ಣು," ಎಂದರು ರಂಗಮ್ಮ, ನನ್ನತ್ತ ತಿರುಗದೆ. ತನಿಯಾ ಎಂದರೆ ಒಂಟಿಯಾಗಿ. ಕಣ್ಣು ಎಂಬುದು ಇಲ್ಲಿಯ ಅಕ್ಕರೆಯ ಮಾತು. ಅವತ್ತು ಅದೂ ಚುಚ್ಚಿತು. ಇದ್ದ ಒಬ್ಬ ಗೆಳತಿಯನ್ನೂ ಕಳೆದುಕೊಂಡೆನಲ್ಲಾ!

ಅರ್ಧ ಆಟದ ವಿರಾಮದಲ್ಲಿ ಇಡೀ ಊರಿನ ಕಣ್ಣೆದುರು ಮೈದಾನ ದಾಟಿದೆ. ಆ ಚಪ್ಪರದವರು ಸರಿದು ಜಾಗ ಮಾಡಿಕೊಟ್ಟರು. "ವಾಂಗ ಅಮ್ಮಿಣಿ, ಉಕ್ಕಾರುಂಗ." ಬನ್ನಿ ಅಮ್ಮಾ, ಕೂತ್ಕೊಳ್ಳಿ ಎಂದಷ್ಟೇ. ಆದರೆ ಆ ಬೀದಿಯಲ್ಲಿ ರಂಗಮ್ಮನವರನ್ನು ಬಿಟ್ಟು ನನ್ನನ್ನು ಕರೆದವರು ಇವರೇ ಮೊದಲು. ಹಿಗ್ಗಿಹೋದೆ. ಹೊಡಿಯೋ, ಹೊಡಿ ಎನ್ನಲು ಅವರ ಜೊತೆ "ಅಡಿಡಾ, ಅಡಿ!" ಎಂದು ಗಂಟಲು ಹರಿಯುವಂತೆ ಕೂಗಿದೆ. ಚೆಂಡು ಗುಂಡಿನ ಹಾಗೆ ಹೋಯಿತು. ರಂಗಮ್ಮನವರ ತಮ್ಮ ಅಡ್ಡಬಿದ್ದು ಎದೆಯಲ್ಲೇ ತಡೆದ.

"ಭಲೇ!" ಎಂದುಬಿಟ್ಟೆ.

"ಅಮ್ಮಿಣಿ, ನೀಂಗ ಯಾರು ಪಕ್ಕಂ?" ಪಕ್ಕದವಳು ಕೇಳಿದಳು. ಯಾರ ಕಡೆ ಎಂದು ನನಗೇ ಗೊತ್ತಿದ್ದರೆ ತಾನೆ!

ಕೊನೆಗೆ ಹೊಸ ಮಿಲ್ಲೇ ಗೆದ್ದಿತು. ಹೆದರುತ್ತಲೇ ಮನೆಗೆ ಬಂದರೆ ರಂಗಮ್ಮ ಗಂಡನನ್ನೂ ತಮ್ಮನನ್ನೂ ಕರೆದುಕೊಂಡು ನಮ್ಮ ಬಾಗಿಲಲ್ಲೇ ನಿಂತಿದ್ದರು.

"ಸೋತ ಮನೇಲಿ ಇವತ್ತು ಒಲೆ ಹಚ್ಚಲ್ಲ. ಗೆದ್ದೋರೇ ಸೋರು ಹಾಕ್ಬೇಕು, ಗೊತ್ತಿಲ್ವಾ ಕಣ್ಣು?"

ಕಣ್ಣು ತುಂಬಿ ಬಂತು. ಸೋರಿಗೆ, ಅಂದರೆ ಅನ್ನಕ್ಕೆ, ಎಸರಿಟ್ಟೆ. ಉಣ್ಣುವಾಗ ರಂಗಮ್ಮ ಕೆಣಕಿದರು, "ಮೈಸೂರಿನೋರೇ ಇಲ್ಲಿಗೆ ಆಡಕ್ಕೆ ಬಂದ್ರೆ ಎಲ್ಲಿ ಕೂರ್ತೀಯ?"

ಮೈಸೂರೇ ಗೆಲ್ಲಲಿ ಎಂದು ನಾಲಿಗೆ ತುದಿಗೆ ಬಂತು. ಆಗಲೂ ಗೋಲು ಕಾಯುವವನು ಎದುರಿಗೆ ಉಣ್ಣುತ್ತಿರುವ ಈ ಹುಡುಗನೇ ಅಲ್ಲವೇ ಎನಿಸಿ, ಅವನ ಎಲೆಗೆ ಇನ್ನೊಂದು ಸೌಟು ಸಾರು ಬಡಿಸಿದೆ.