ಮುಂಗೂದಲಿಗೆ ಬಟ್ಟೆ ಕತ್ತರಿ

ಬಾಚುವಾಗ ಉದುರಿದ ಕೂದಲನ್ನೂ ಎಸೆಯದೆ ಎತ್ತಿಡುತ್ತಿದ್ದ ಕಾಲವದು. ಬಯಲಿಗೆ ಎಸೆದರೆ ಕಾಗೆ ಒಯ್ದು ಗೂಡು ಕಟ್ಟುತ್ತದೆ, ಆಮೇಲೆ ಆ ಕೂದಲಿನವಳಿಗೆ ಜನ್ಮಪೂರ್ತಿ ತಲೆನೋವು ಎಂದು ಆಯಿ, ಅಂದರೆ ಅಪ್ಪನ ತಾಯಿ, ಹೆದರಿಸಿದ್ದಳು. ಹಾಗಾಗಿ ಮನೆಯ ಹೆಂಗಸರೆಲ್ಲ ಬಾಚಣಿಗೆಯ ಕೂದಲನ್ನು ಬೆರಳಿಗೆ ಸುತ್ತಿ, ಬಚ್ಚಲ ಗೋಡೆಯ ಗೂಡಿನಲ್ಲಿದ್ದ ಅರಿವೆಯ ಗಂಟಿಗೆ ತುರುಕುತ್ತಿದ್ದೆವು. ವರ್ಷಕ್ಕೊಮ್ಮೆ ಒಬ್ಬ ಹೆಂಗಸು ಊರಿಗೆ ಬಂದು, ಆ ಕೂದಲನ್ನೇ ಬಿಡಿಸಿ, ಜಡೆಗೆ ಸೇರಿಸಿ ಹೆಣೆಯುವ ಚೌರಿ ಕಟ್ಟಿಕೊಡುತ್ತಿದ್ದಳು.

ಬೈಲಹೊಂಗಲದಿಂದ ಮೂರು ಹರದಾರಿ ದೂರದ ನಮ್ಮೂರಲ್ಲಿ ನಾನಾಗ ಏಳನೆಯ ಇಯತ್ತೆ. ನನ್ನ ಗೆಳತಿ ರೇಷ್ಮಾಳ ಅಪ್ಪ ಟೇಲರ್. ಅವರ ಅಂಗಡಿಯ ಗೋಡೆಯ ಮೇಲೆ ಒಬ್ಬ ಹೀರೋಯಿನ್ನಿನ ದೊಡ್ಡ ಫೋಟೋ ಇತ್ತು. ಹುಬ್ಬಿನವರೆಗೆ ಇಳಿಬಿಟ್ಟ ಮುಂಗೂದಲು, ಅದರ ಕೆಳಗೆ ನಗುವ ಕಣ್ಣು. ಊರ ಹುಡುಗಿಯರೆಲ್ಲ ಜಂಪರಿನ ಅಳತೆ ಕೊಡುವ ನೆಪದಲ್ಲಿ ಅದನ್ನೇ ನೋಡುತ್ತಿದ್ದೆವು. ನನ್ನದು ಉದ್ದ ಮುಖ, ಹಣೆ ಮುಚ್ಚಿದರೆ ನನಗೂ ಹಾಗೇ ಒಪ್ಪುತ್ತದೆ ಎಂದು ರೇಷ್ಮಾ ತೀರ್ಪು ಕೊಟ್ಟಳು. ಟೇಲರನ ಮಗಳಲ್ಲವೇ, ಟ್ರಯಲ್ ನೋಡದೆ ಕತ್ತರಿ ಹಿಡಿಯುವವಳಲ್ಲ. ಕರಿ ಬಟ್ಟೆಯ ತುಂಡೊಂದನ್ನು ನನ್ನ ಹಣೆಗೆ ಹಿಡಿದು ಕನ್ನಡಿ ತೋರಿಸಿದಳು. ನಿಜಕ್ಕೂ ಒಪ್ಪಿತ್ತು.

ಒಂದು ಶನಿವಾರ ಮಧ್ಯಾಹ್ನ, ಬೆಳಗಿನ ಸಾಲೆ ಬಿಟ್ಟ ಮೇಲೆ, ಅವಳಪ್ಪ ಊಟಕ್ಕೆ ಹೋದ ಹೊತ್ತು ನೋಡಿ ಶುರು ಮಾಡಿದೆವು. ಇಸ್ತ್ರಿಗೆ ಚಿಮುಕಿಸುವ ನೀರಿನಿಂದ ನನ್ನ ಮುಂಗೂದಲು ತೋಯಿಸಿ, ಟೇಪು ಹಿಡಿದು ಅಳೆದು, ಬಟ್ಟೆ ಕತ್ತರಿಯಿಂದ ಒಂದೇ ಏಟಿಗೆ ಕತ್ತರಿಸಿದಳು. ಹುಬ್ಬಿಗೆ ಸರಿಯಾಗಿ ನಿಂತಿತು. ಇಬ್ಬರೂ ಹಿಗ್ಗಿದೆವು. ಕೂದಲು ಒಣಗುತ್ತ ಹೋದಂತೆ ಮೇಲೇರತೊಡಗಿತು. ನನ್ನ ಹಣೆಯ ಅಂಚಿನಲ್ಲೊಂದು ಸುಳಿ ಇರುವುದು ನಮಗಿಬ್ಬರಿಗೂ ನೆನಪೇ ಇರಲಿಲ್ಲ. ಹೀರೋಯಿನ್ನಿಗೆ ಇಳಿದದ್ದು ನನಗೆ ಹುಂಜದ ಜುಟ್ಟಿನಂತೆ ಎದ್ದು ನಿಂತಿತು.

"ಮಾರ್ಜಿನ್ ಬಿಡೂದು ಮರತ್ನಿ ನೋಡ" ಎಂದು ರೇಷ್ಮಾ ಅಳುವ ದನಿಯಲ್ಲಿ ಅಂದಳು.

ಚಂದ ಕೆಟ್ಟಿತೆಂಬುದು ಆಮೇಲಿನ ಮಾತು. ಬರುವ ಜೂನಿಗೆ ನಾನು ಬಸ್ಸು ಹತ್ತಿ ಬೈಲಹೊಂಗಲದ ಹೈಸ್ಕೂಲಿಗೆ ಹೋಗಬೇಕಿತ್ತು. ಹೆಣ್ಣು ಹುಡುಗಿಗೆ ಇಷ್ಟು ಸಾಕೆಂದು ಆಯಿ ಹಟ ಹಿಡಿದಿದ್ದಳು. ಎಂದೂ ಎದುರಾಡದ ಅವ್ವ ಅದೊಂದಕ್ಕೆ ಎದುರಾಡಿದ್ದಳು. ಕಡೆಗೆ ಅಪ್ಪ, ಹುಡುಗಿಯ ಮೇಲೆ ಒಂದು ದೂರು ಬಂದರೂ ಸಾಲೆ ಬಿಡಿಸುವುದೇ ಸೈ ಎಂದು ಷರತ್ತು ಹಾಕಿ ಒಪ್ಪಿದ್ದ. ಆ ಒಂದು ದೂರು ಈಗ ನನ್ನ ಹಣೆಯ ಮೇಲೇ ನಿಂತಿತ್ತು.

ಮುಷ್ಟಿಯಲ್ಲಿ ಮೊಳದುದ್ದದ ಕೂದಲು. ಎಸೆಯೋಣವೆಂದರೆ ಕಾಗೆಯ ಭಯ. ಓಡಿ ಬಂದು ಬಚ್ಚಲ ಗಂಟಿನ ತಳಕ್ಕೆ ತುರುಕಿದೆ. ಹರಳೆಣ್ಣೆ ಸುರುವಿಕೊಂಡು, ಆರು ಪಿನ್ನು ಚುಚ್ಚಿ ಮುಂಗೂದಲನ್ನು ಹಿಂದಕ್ಕೆ ಮಲಗಿಸಿದೆ. ಇಷ್ಟೇಕೆ ಎಣ್ಣೆ ಎಂದು ಆಯಿ ಕೇಳಿದ್ದಕ್ಕೆ ತಲೆನೋವು ಅಂದೆ. ಅಷ್ಟು ಹೊತ್ತಿಗೆ ಅದು ಸುಳ್ಳೂ ಆಗಿರಲಿಲ್ಲ. ಮರುದಿನ ಭಾನುವಾರ, ಅವ್ವ ನನ್ನ ತಲೆಗೆ ಎರೆಯುವ ದಿನ.

ಬೆಳಿಗ್ಗೆ ಸೀಗೆಕಾಯಿಯ ವಾಸನೆ ಏಳುವ ಹೊತ್ತಿಗೇ ಓಣಿಯಲ್ಲಿ ಚೌರಿ ಹೆಂಗಸಿನ ಕೂಗು ಕೇಳಿಸಿತು. ಸೋದರಮಾವನ ಮದುವೆ ಹತ್ತಿರವಿತ್ತು. ತಮ್ಮ ಹುಟ್ಟಿದ ಮೇಲೆ ಅವ್ವನ ಜಡೆ ಇಲಿಬಾಲದಷ್ಟಾಗಿತ್ತು, ಚೌರಿ ಬೇಕೇ ಬೇಕಿತ್ತು. ಆಯಿ ಅವಳನ್ನು ಕಟ್ಟೆಗೆ ಕರೆದು ಕೂರಿಸಿ ಗಂಟು ತರಿಸಿದಳು. ಸಿಕ್ಕು ಬಿಡಿಸುತ್ತಿದ್ದ ಹೆಂಗಸಿನ ಕೈ ನಡುವೆಯೇ ತಡೆಯಿತು. ಒಂದು ಎಳೆಗೊಂಚಲು ಎಳೆದು, ಬೆರಳ ನಡುವೆ ಸವರಿ, ಬೆಳಕಿಗೆ ಹಿಡಿದಳು.

"ಇದು ಬಾಚಿ ಬಿದ್ದದ್ದಲ್ಲರಿ, ಅವ್ವಾರ. ಒಂದ ಮಗ್ಗಲ ಸಮ ಐತಿ ನೋಡ್ರಿ. ಕತ್ತರಿ ಆಡೇತಿ."

ಆಯಿಯ ಕಣ್ಣು ನನ್ನತ್ತ ತಿರುಗಿತು. ನನ್ನ ಕೈ ತಾನಾಗಿಯೇ ಹಣೆಗೆ ಹೋಯಿತು. ಬಚ್ಚಲಿಂದ ಕೈ ಒರೆಸಿಕೊಳ್ಳುತ್ತ ಬಂದ ಅವ್ವ ಆ ಕೂದಲು ನೋಡಿದಳು, ನನ್ನ ಕೈ ನೋಡಿದಳು.

"ಅವು ನನ್ನವರಿ, ಅತ್ತಿ. ಜಟಿ ಕಟ್ಟಿತ್ತು, ಬಿಡಿಸಾಕ ಬರಲಿಲ್ಲ. ನಾನ ಕತ್ತರಿಸಿದ್ನಿ."

"ಗಂಡ ಇದ್ದಾಕಿ ತಲಿಗೆ ಕತ್ತರಿ ಹಚ್ಚತಾಳೇನ?"

ಮುತ್ತೈದೆ ಕೂದಲು ಕತ್ತರಿಸಿದರೆ ಗಂಡನ ಆಯುಷ್ಯಕ್ಕೆ ಕೇಡು ಎಂಬ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿತ್ತು. ಅದು ಅವ್ವನಿಗೂ ಗೊತ್ತಿತ್ತು. ಓಣಿಯ ಹೆಂಗಸರ ಮುಂದೆಯೇ ಆಯಿ ಅವಳನ್ನು ಬೈದಳು. ದೋಷ ಕಳೆಯಲು ಐದು ಸೋಮವಾರ ಒಪ್ಪತ್ತು ಮಾಡು, ಒಂದೇ ಹೊತ್ತು ಉಣ್ಣು ಎಂದು ವಿಧಿಸಿದಳು. ಅವ್ವ ಹೂಂ ಎಂದು ನನ್ನನ್ನು ಬಚ್ಚಲಿಗೆ ಕರೆದೊಯ್ದಳು.

ಪಿನ್ನುಗಳನ್ನು ಒಂದೊಂದಾಗಿ ತೆಗೆದಳು. ಬಿಸಿನೀರು ಬಿತ್ತು, ಕೂದಲು ಎದ್ದಿತು. ಅವಳ ಬೆರಳು ಸುಳಿಯ ಮೇಲೆ ನಿಂತಾಗ ಏಟಿಗಾಗಿ ಕಣ್ಣು ಮುಚ್ಚಿ ಕಾದೆ.

"ಇಲ್ಲೆ ಸುಳಿ ಇದ್ದಾರಿಗೆ ಅದು ಕೂಡಂಗಿಲ್ಲವ್ವಾ" ಅಂದಳು, ಮೆಲ್ಲಗೆ. "ನನಗೂ ಇಲ್ಲೇ ಐತಿ. ನಿನ್ನಷ್ಟಾಕಿ ಇದ್ದಾಗ ನಾನೂ ಮಾಡಿ ನೋಡೇನಿ." ತಲೆ ಒರೆಸಿ, ಎಣ್ಣೆ ಹಚ್ಚಿ, ಆಯಿಗೆ ಕಾಣದಂತೆ ಆರೂ ಪಿನ್ನನ್ನು ತಾನೇ ಮತ್ತೆ ಚುಚ್ಚಿದಳು.

ಐದು ಸೋಮವಾರವೂ ಅವ್ವ ಸಂಜೆ ನಮಗೆ ಬಡಿಸಿ, ತಾನು ಒಂದು ತಂಬಿಗೆ ನೀರು ಕುಡಿದು ಏಳುತ್ತಿದ್ದಳು. ನಾನು ತಲೆ ತಗ್ಗಿಸಿಕೊಂಡು ಉಣ್ಣುತ್ತಿದ್ದೆ. ನಿಜ ಹೇಳಬೇಕೆಂದು ಐದು ಸಲವೂ ಬಾಯಿತನಕ ಬಂತು. ಹೈಸ್ಕೂಲು ತಪ್ಪುತ್ತದೆಂಬ ಭಯಕ್ಕೆ ನುಂಗಿಕೊಂಡೆ. ಮಾವನ ಮದುವೆಯಲ್ಲಿ ಅವ್ವ ಆ ಗಂಟಿನ ಕೂದಲಿನಿಂದಲೇ ಕಟ್ಟಿಸಿದ ಚೌರಿ ಹಾಕಿಕೊಂಡು ಓಡಾಡಿದಳು. ಜೂನಿನಲ್ಲಿ ನಾನು ಬೈಲಹೊಂಗಲದ ಬಸ್ಸು ಹತ್ತಿದೆ.

ಈಗ ಪಾರ್ಲರಿನ ಹುಡುಗಿ ಮೊಬೈಲಿನಲ್ಲಿ ಹತ್ತು ನಟಿಯರ ಮುಖ ತೋರಿಸಿ, ಯಾವುದು ಬೇಕು ಮೇಡಂ ಎನ್ನುತ್ತಾಳೆ. ಕತ್ತರಿಸಿದ್ದನ್ನು ಕಸಬರಿಗೆಯಿಂದ ಗುಡಿಸಿ ಬುಟ್ಟಿಗೆ ಹಾಕುತ್ತಾಳೆ. ಯಾರ ಕೂದಲೆಂದು ಬೆರಳಲ್ಲೇ ಓದುವವರು ಈಗಿಲ್ಲ, ಅವು ನನ್ನವು ಎಂದು ಮುಂದೆ ಬರುವವಳೂ ಇಲ್ಲ. ಅವ್ವ ಹೋದ ಮೇಲೆ ಅವಳ ಟ್ರಂಕಿನಲ್ಲಿ ಆ ಚೌರಿ ಸಿಕ್ಕಿತು. ಅದರಲ್ಲಿ ನನ್ನದು ಯಾವುದೆಂದು ಬಹಳ ಹೊತ್ತು ಹುಡುಕಿದೆ, ಗೊತ್ತಾಗಲಿಲ್ಲ.

ಅಂದಿನಿಂದ ನಾನು ಸೋಮವಾರ ಒಪ್ಪತ್ತು ಮಾಡುತ್ತೇನೆ. ಕೇಳಿದವರಿಗೆ ಶಿವನ ಹೆಸರು ಹೇಳುತ್ತೇನೆ.