ವಲ್ಲಿಯ ಕೆಳಗಿನ ಸೊನ್ನೆ

ನಾನು ಹೆಸರು ಕೊಂಡಿಟ್ಟು ಮಾರುವವಳು ಎಂದರೆ ಹಾನಗಲ್ಲಿನ ಜನ ಮೊದಲು ನನ್ನ ಮುಖ ನೋಡುತ್ತಾರೆ, ಆಮೇಲೆ ನಮ್ಮವ್ವನ ಮುಖ ನೋಡುತ್ತಾರೆ, ಪಾಪ ಅನ್ನುವ ಹಾಗೆ. ಎಷ್ಟು ಬಿಡಿಸಿ ಹೇಳಿದರೂ ಅಷ್ಟೇ. ಅಂತರ್ಜಾಲದಲ್ಲಿ ಅಂಗಡಿ ತೆರೆಯಬೇಕಾದರೆ ಅದಕ್ಕೊಂದು ವಿಳಾಸ ಬೇಕು, ಅದಕ್ಕೆ ಡೊಮೇನ್ ಅನ್ನುತ್ತಾರೆ. ಒಂದು ಹೆಸರು ಜಗತ್ತಿಗೆಲ್ಲ ಒಬ್ಬರಿಗೇ, ಮೊದಲು ಹಿಡಿದವರಿಗೆ. ಒಳ್ಳೆಯದನ್ನು ಸಸ್ತಾ ಇದ್ದಾಗ ಹಿಡಿದಿಟ್ಟರೆ ಮುಂದೆ ಬೇಕಾದವರು ಹೆಚ್ಚು ಕೊಟ್ಟು ಒಯ್ಯುತ್ತಾರೆ. ಹೆದ್ದಾರಿ ಬರುತ್ತದೆಂದು ಪ್ಲಾಟ್ ಹಿಡಿದವನನ್ನು ಜಾಣ ಅನ್ನುವ ಮಂದಿ ನನ್ನನ್ನು ಮಾತ್ರ ತಲೆಕೆಟ್ಟವಳು ಅನ್ನುತ್ತಿದ್ದರು. ನನ್ನ ಸಿಟ್ಟು ಯಾವಾಗಲೂ ಮೂಗಿನ ತುದಿಯಲ್ಲೇ ಇರುವುದರಿಂದ ಹೇಳುವುದನ್ನೇ ಬಿಟ್ಟೆ.

ನಮ್ಮ ಮನೆಯ ಮುಂದಿನ ಕೋಣೆ ನನ್ನ ಆನ್‌ಲೈನ್ ಸೆಂಟರ್. ಪಹಣಿ ತೆಗೆದುಕೊಡುವುದು, ಬೆಳೆವಿಮೆಗೆ ಅರ್ಜಿ ತುಂಬುವುದು, ಝೆರಾಕ್ಸ್. ಗಿರಾಕಿ ಇಲ್ಲದ ಹೊತ್ತಿನಲ್ಲಿ ಕಂಪ್ಯೂಟರಿನ ಮುಂದೆ ಕೂತು ನಮ್ಮ ಕಡೆಯ ಮಾಲುಗಳ ಹೆಸರನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದು, ಖಾಲಿ ಇದೆಯೋ ಇಲ್ಲವೋ ನೋಡುತ್ತಿದ್ದೆ. ಖಾಲಿ ಇದ್ದರೆ ಕೈ ತಡೆಯುತ್ತಿರಲಿಲ್ಲ. ಹಾನಗಲ್ಲಿನ ಮಾವು, ಸವಣೂರಿನ ವೀಳ್ಯದೆಲೆ, ಗೋವಿನಜೋಳ, ಶೇಂಗಾಚಟ್ನಿ, ಗುರೆಳ್ಳುಪುಡಿ, ಹೀಗೆ ಎರಡು ವರ್ಷದಲ್ಲಿ ಹದಿನಾಲ್ಕು ಹೆಸರು ಹಿಡಿದೆ. ಒಂದೂ ಮಾರಲಿಲ್ಲ. ವರ್ಷಕ್ಕೊಮ್ಮೆ ಒಂದೊಂದಕ್ಕೂ ಎಂಟುನೂರು, ಸಾವಿರ ಕಟ್ಟಬೇಕು, ಇಲ್ಲದಿದ್ದರೆ ಹೆಸರು ಕೈಬಿಟ್ಟು ಹೋಗುತ್ತದೆ.

ಈ ವ್ಯವಹಾರವನ್ನು ಸರಿಯಾಗಿ ತಿಳಿದುಕೊಂಡವಳು ನಮ್ಮವ್ವ ಒಬ್ಬಳೇ. "ಇದು ಲಾವಣಿಗೆ ಹಿಡದ ಮಂದಿ ಹೊಲ ಇದ್ದಂಗ ಐತಿ ತಗೊ" ಎಂದಳು. "ಬಿತ್ತಾಂಗಿಲ್ಲ, ಬೆಳ್ಯಾಂಗಿಲ್ಲ, ವರ್ಷಾ ವರ್ಷಾ ಲಾವಣಿ ರೊಕ್ಕಾ ಮಾತ್ರ ತುಂಬಾಕತ್ತೀ. ಕೂಸು ಹುಟ್ಟೂಕಿಂತ ಮೊದಲ ಕುಲಾಯಿ ಹೊಲಿಸಿದ್ರಂತ!" ನಾನು ಪ್ರಿಂಟರಿಗೆ ಕಾಗದ ತುಂಬಿದೆ.

ಆ ದಿನಗಳಲ್ಲಿ ಮನೆಯಲ್ಲಿ ನನಗಿಂತ ದೊಡ್ಡ ಚಿಂತೆ ಅಪ್ಪನದಾಗಿತ್ತು. ಅಪ್ಪ ಎತ್ತಿನ ದಲಾಲಿ. ಹಿರೇಕೆರೂರು, ಹಂಸಭಾವಿ, ಸವಣೂರು, ಶಿಗ್ಗಾವಿ, ಎಲ್ಲಿ ದನದ ಸಂತೆಯೋ ಅಲ್ಲಿ ಅಪ್ಪ. ಕೊಳ್ಳುವವನಿಗೂ ಮಾರುವವನಿಗೂ ನಡುವೆ ನಿಂತು, ಇಬ್ಬರೂ ನಗುತ್ತ ಮನೆಗೆ ಹೋಗುವ ಹಾಗೆ ಬೆಲೆ ಕೂಡಿಸುತ್ತಿದ್ದ. ಊರಿಗೆಲ್ಲ ಟ್ರ್ಯಾಕ್ಟರ್ ಬಂದು, ಎತ್ತಿನ ಜೋಡಿಗಳು ಕಮ್ಮಿಯಾಗಿ, ಅಪ್ಪ ಆರು ವರ್ಷದಿಂದ ಒಂದು ವ್ಯಾಪಾರವನ್ನೂ ಮಾಡಿರಲಿಲ್ಲ. ಊಟಕ್ಕೆ ತೊಂದರೆ ಇರಲಿಲ್ಲ, ಆದರೆ ಮನುಷ್ಯ ಬಾಡಿದ್ದ. ಸಂತೆಯ ದಿನ ಬೆಳಿಗ್ಗೆ ಬೇಗ ಎದ್ದು, ರುಮಾಲು ಕೈಗೆ ತೆಗೆದುಕೊಂಡು, ಮತ್ತೆ ಗೂಟಕ್ಕೆ ಹಾಕುತ್ತಿದ್ದ. "ಒಂದ ವ್ಯಾಪಾರ ಅವರ ಕೈಯಿಂದ ಆದ್ರ ಸಾಕವ್ವ, ಮತ್ತ ಮನಷ್ಯಾ ಆಕ್ಕಾರ" ಎಂದು ಅವ್ವ ನನ್ನ ಹತ್ತಿರ ಕಣ್ಣೊರೆಸಿಕೊಂಡಿದ್ದಳು.

ಹಾಗಿರುವಾಗ ಬಂಕಾಪುರದಿಂದ ಒಂದು ಫೋನ್ ಬಂತು. ನನ್ನ ಖಾಲಿ ಪುಟಗಳಲ್ಲೆಲ್ಲ "ಈ ಹೆಸರು ಮಾರಾಟಕ್ಕಿದೆ" ಎಂಬ ಒಂದು ಸಾಲು ಮತ್ತು ನನ್ನ ನಂಬರು ಹಾಕಿದ್ದೆ.

"ಶೇಂಗಾಚಟ್ನಿ ನಿಮ್ಮದೇನ್ರಿ?"

"ಹೌದ್ರಿ, ನಂದ."

"ಕೊಡ್ತೀರೇನು?"

"ಕಿಮ್ಮತ್ತು ಕೂಡಿದ್ರ ಯಾಕ ಕೊಡೂದಿಲ್ರಿ?"

"ಫೋನಿನ್ಯಾಗ ವ್ಯಾಪಾರ ಬ್ಯಾಡ. ನಾಳೆ ಬರ್ತೇನಿ. ಮಾಲು ನೋಡಿ ಮಾತಾಡೂಣು."

ಮಾಲು ನೋಡುವುದೆಂದರೆ ಏನನ್ನು ನೋಡುವುದು, ದೇವರೇ? ಮರುದಿನ ಮಧ್ಯಾಹ್ನ ಬಂದೇ ಬಿಟ್ಟರು. ಅರವತ್ತು ದಾಟಿದ ಸಾವಕಾರರು, ಬಿಳಿ ಧೋತರ, ಹೆಗಲ ಮೇಲೆ ಶಲ್ಯದಂಥ ವಲ್ಲಿ. ಹೆದ್ದಾರಿಯ ಬಾಜೂ ಅವರದು ರೊಟ್ಟಿ, ಚಟ್ನಿಪುಡಿಗಳ ಅಂಗಡಿ. ಪುಣೆಯವರೆಗೂ ಪಾರ್ಸಲ್ ಹೋಗುತ್ತದಂತೆ, ಅಂತರ್ಜಾಲದಲ್ಲೂ ಮಾರಬೇಕೆಂದು ಸೊಸೆ ಹಟ ಹಿಡಿದಿದ್ದಾಳಂತೆ. ನಾನು ಹೆಸರು ಒತ್ತಿ ಪುಟ ತೆರೆದು ತೋರಿಸಿದೆ. ಅವರು ಕನ್ನಡಕ ಏರಿಸಿ, ಇಳಿಸಿ, ಪರದೆಯ ಹಿಂದೆಯೂ ಒಮ್ಮೆ ಬಗ್ಗಿ ನೋಡಿದರು.

"ಏನೂ ಇಲ್ಲಲ್ಲವಾ ಇದರಾಗ?"

"ಖಾಲಿ ಐತಂತನ ಮಾರಾಕತ್ತೇನ್ರಿ."

ಒಳಗಿನಿಂದ ಅಪ್ಪ ಚಾ ತಂದಿಟ್ಟ. ಸಾವಕಾರರು ಕಪ್ಪಿಗೆ ಚಾಚಿದ ಕೈಯನ್ನು ಅಲ್ಲೇ ನಿಲ್ಲಿಸಿ ಅಪ್ಪನನ್ನೇ ದಿಟ್ಟಿಸಿದರು. "ಅಯ್ಯ, ಯಜಮಾನ್ರ! ಹಿರೇಕೆರೂರು ಸಂತ್ಯಾಗ ನಿಮ್ಮ ಕೈಲೆ ಒಂದು ಜೋಡಿ ಎತ್ತು ಹಿಡದಿದ್ನೆಲ್ಲ! ಹತ್ತು ವರ್ಷ ದುಡದುವು. ಈಕಿ ನಿಮ್ಮ ಮಗಳೇನು? ಹಂಗಾದ್ರ ಮುಗೀತು. ಹುಡುಗಿ ಕೂಡ ನಾ ಏನು ಮಾತಾಡ್ಲಿ? ಕೈ ಕೊಡ್ರಿ."

ಅಂದವರೇ ಹೆಗಲ ವಲ್ಲಿ ತೆಗೆದು ತಮ್ಮ ಬಲಗೈ ಮೇಲೆ ಹಾಸಿಕೊಂಡರು.

ಸಂತೆ ನೋಡದವರಿಗೆ ಇದನ್ನು ಹೇಳಬೇಕು. ದನದ ವ್ಯಾಪಾರದಲ್ಲಿ ಬೆಲೆಯನ್ನು ಬಾಯಿಂದ ಆಡುವುದಿಲ್ಲ. ಸುತ್ತ ನಿಂತವರಿಗೆ ತಿಳಿಯಬಾರದೆಂದು ವಲ್ಲಿಯ ಕೆಳಗೆ ಕೈ ಕೂಡಿಸಿ, ಬೆರಳು ಹಿಡಿದು ಹೇಳುತ್ತಾರೆ. ಎರಡು ಬೆರಳು ಹಿಡಿದರೆ ಎರಡು, ಬೆರಳಿನ ನಡುಗೆಣ್ಣು ಒತ್ತಿದರೆ ಅರ್ಧ. ಒಪ್ಪದವನು ಆ ಬೆರಳು ಮಡಿಸಿ ಬೇರೆ ಬೆರಳು ಹಿಡಿಯುತ್ತಾನೆ. ಒಪ್ಪಿಗೆಯಾದರೆ ಕೈ ಅದುಮಿ ಬಿಡುತ್ತಾರೆ, ಬಿಟ್ಟ ಮೇಲೆ ಮಾತು ತಿರುಗಿಸುವ ಹಾಗಿಲ್ಲ.

ನಾನು ಬಾಯಿ ತೆರೆದೆ. ಮಾಲು ನನ್ನದು, ಬೆಲೆ ನನ್ನದು, ನಡುವೆ ಇದೇನು ಎತ್ತಿನ ಆಟ? ಆದರೆ ಬಾಗಿಲಲ್ಲಿ ನಿಂತ ಅವ್ವ ನನ್ನನ್ನು ಸುಟ್ಟುಬಿಡುವ ಹಾಗೆ ನೋಡಿದಳು. ಅಪ್ಪ ಹೊಸ ಗಂಡಿನ ಹಾಗೆ ನಾಚಿಕೊಂಡು ನಿಂತಿದ್ದ. "ನೀರಾಗಿನ ಎಮ್ಮಿಗೆ ಕಿಮ್ಮತ್ತು ಕಟ್ಟಿದಂಗ ಆತಿದು" ಎಂದು ಗೊಣಗಿ, ನನ್ನ ಕಡೆ ತಿರುಗಿ, "ನಿನಗೆಷ್ಟು ಬಿದ್ದಿತ್ತಿದು?" ಎಂದ. ಎಂಟುನೂರು ಎಂದು ಕಿವಿಯಲ್ಲಿ ಹೇಳಿದೆ. ತಲೆಯಾಡಿಸಿದ. ನನಗೆಷ್ಟು ಬೇಕೆಂದು ನಾನು ಹೇಳುವಷ್ಟರಲ್ಲಿ ಅವನ ಕೈ ವಲ್ಲಿಯ ಕೆಳಗೆ ಹೋಗಿ ಆಗಿತ್ತು.

ಅಲ್ಲಿ ಏನು ನಡೆಯಿತೋ ನನಗೆ ಕಾಣಲಿಲ್ಲ. ವಲ್ಲಿ ಏಳುತ್ತಿತ್ತು, ಇಳಿಯುತ್ತಿತ್ತು. ಸಾವಕಾರರು "ಛೇ ಛೇ" ಅಂದರು. ಅಪ್ಪ ಕಣ್ಣು ಮುಚ್ಚಿ ಮುಗುಳ್ನಕ್ಕ. ಸಾವಕಾರರು ಕೈ ಕಿತ್ತುಕೊಂಡು ಎದ್ದರು, ಅಪ್ಪ ಸುಮ್ಮನೆ ಕೂತಿದ್ದ, ಅವರೇ ಮತ್ತೆ ಕೂತು ಕೈ ಕೊಟ್ಟರು. ಚಾ ಆರಿ ಹೋಯಿತು. ಪಹಣಿಗೆ ಬಂದಿದ್ದ ಇಬ್ಬರು ರೈತರು ತಮ್ಮ ಕೆಲಸ ಮರೆತು ಬಾಗಿಲಲ್ಲಿ ನಿಂತರು. ಅಪ್ಪನ ಬೆನ್ನು ನೆಟ್ಟಗಾಗಿತ್ತು. ಆರು ವರ್ಷದಲ್ಲಿ ಅವನನ್ನು ಹಾಗೆ ನಾನು ನೋಡಿರಲಿಲ್ಲ, ಹೊಟ್ಟೆ ತುಂಬಿದಂತಾಯಿತು.

ಕಡೆಗೆ ಇಬ್ಬರೂ ಕೈ ಅದುಮಿ ಬಿಟ್ಟರು. "ಆತು" ಎಂದ ಅಪ್ಪ, ನನ್ನ ಹತ್ತಿರ ಬಂದು ಪಿಸುಗುಟ್ಟಿದ. "ನಾಕೂವರಿ ಸಾವಿರ ಮಾಡೇನಿ. ಎಂಟುನೂರಿನ ಮಾಲಿಗೆ ಐದು ಪಟ್ಟಿಗೂ ಮ್ಯಾಲ." ಮುಖದಲ್ಲಿ ಹಬ್ಬ.

ನಾಲ್ಕೂವರೆ ಸಾವಿರ! ಹತ್ತಾದರೂ ಬಂದರೆ ಕೊಟ್ಟುಬಿಡೋಣ ಎಂದುಕೊಂಡಿದ್ದ ನನಗೆ ಕಣ್ಣು ಕತ್ತಲೆ ಬಂತು. ಬೈಗುಳ ಗಂಟಲಿನವರೆಗೆ ಬಂದಿತ್ತು. ಅಪ್ಪನ ಮುಖ ನೋಡಿ ನುಂಗಿಕೊಂಡೆ. ಹೋಗಲಿ, ನನ್ನ ಅಪ್ಪ ಬದುಕಿದ. ಅಷ್ಟರಲ್ಲಿ ಸಾವಕಾರರು ಮೊಬೈಲ್ ಹಿಡಿದು ಮೇಜಿನ ಮೇಲಿನ ಕ್ಯೂಆರ್ ಕೋಡಿಗೆ ರೊಕ್ಕ ಹಾಕಿದರು. ಪಕ್ಕದ ಸ್ಪೀಕರ್ ಡಬ್ಬಿ ಓಣಿಗೆಲ್ಲ ಕೇಳುವಂತೆ ಒದರಿತು. ನಲವತ್ತೈದು ಸಾವಿರ ರೂಪಾಯಿ ಬಂದಿದೆ!

ಬೆರಳು ಅಂಕಿಯನ್ನಷ್ಟೇ ಹೇಳುತ್ತದೆ, ಸೊನ್ನೆಗೆ ಬೆರಳಿಲ್ಲ. ಎತ್ತಿನ ಸೊನ್ನೆ ಎಲ್ಲರಿಗೂ ಗೊತ್ತಿರುತ್ತದೆ, ಅದನ್ನು ಹೇಳಬೇಕಾಗಿಲ್ಲ. ಡೊಮೇನಿನ ಸೊನ್ನೆ ಯಾರಿಗೆ ಗೊತ್ತು?

"ಸಾವಕಾರ್ರ, ಒಂದು ಸೊನ್ನಿ ಹೆಚ್ಚಾತು" ಎಂದ ಅಪ್ಪ. "ನಾ ಹೇಳಿದ್ದು ನಾಕೂವರಿ ಸಾವಿರ. ಉಳಿದದ್ದು ತಿರಗಿ ತಗೋರಿ."

"ನಾ ಹಿಡದದ್ದು ನಲವತ್ತೈದು ಸಾವಿರ. ಕೈ ಬಿಟ್ಟ ಮ್ಯಾಲ ತಿರಗಿ ತಗೊಳ್ಳೂದು ಯಾವ ಸಂತ್ಯಾಗ ಐತ್ರಿ?"

"ಹರಾಮಿನ ರೊಕ್ಕಾ ನನಗ ಬ್ಯಾಡ."

"ನನ್ನ ಬೆರಳು ಸುಳ್ಳಂತೀರೇನು?"

ಜಗಳವೋ ಜಗಳ, ಅದೂ ಉಲ್ಟಾ ಜಗಳ. ನನ್ನ ನಲವತ್ತು ಸಾವಿರವನ್ನು ನನ್ನ ಅಪ್ಪನೇ ಹೊರಗೆ ನೂಕುತ್ತಿದ್ದಾನೆ, ಕೊಳ್ಳುವ ಗಿರಾಕಿ ಒಳಗೆ ನೂಕುತ್ತಿದ್ದಾರೆ! "ಇಬ್ರೂ ಸುಮ್ನ ಕುಂದರ್ರಿ!" ಎಂದು ನಾನು ಒದರಿದ ಮೇಲೆ ಕೂತರು.

ಕೂತ ಅಪ್ಪ ಏಳಲೇ ಇಲ್ಲ. ಹಬ್ಬವೆಲ್ಲ ಇಳಿದಿತ್ತು. "ಮಾಲಿನ ಕಿಮ್ಮತ್ತ ಗೊತ್ತಿಲ್ದಾಂವ ಎಂಥಾ ದಲಾಲಿ? ನನ್ನ ಮಗಳ ಮಾಲನ್ನ ಹತ್ತರಾಗ ಒಂದು ಪಾಲಿಗೆ ಮಾರಿದ್ನೆಲ್ಲ" ಎಂದ, ನೆಲ ನೋಡುತ್ತ. ರೊಕ್ಕ ಬಂದ ಖುಷಿ ನನ್ನೊಳಗೆ ಸತ್ತೇ ಹೋಯಿತು. ಇನ್ನು ಈ ಮನುಷ್ಯ ರುಮಾಲನ್ನು ಮುಟ್ಟುವುದೂ ಇಲ್ಲ ಎಂದು ಭಯವಾಯಿತು.

ನಾನು ಸಾವಕಾರರನ್ನು ಹಿಡಿದೆ. "ಖರೇ ಹೇಳ್ರಿ. ನೀವು ಎಷ್ಟರಿಂದ ಸುರು ಮಾಡಿದ್ರಿ?"

"ಎರಡು. ಇಪ್ಪತ್ತು ಸಾವಿರ."

ಇಪ್ಪತ್ತು! ನಾನಾಗಿದ್ದರೆ ಅಲ್ಲಿಗೇ ಕಾಲಿಗೆ ಬಿದ್ದು ಕೊಟ್ಟುಬಿಡುತ್ತಿದ್ದೆ. "ಹೆಚ್ಚಂದ್ರ ಎಲ್ಲೀತನ ಬರ್ತಿದ್ರಿ?"

ಅವರು ಸ್ವಲ್ಪ ನಾಚಿಕೊಂಡರು. "ನಲವತ್ತೈದ. ಅದರ ಮ್ಯಾಲ ಒಂದು ರೂಪಾಯಿ ಅಂದ್ರೂ ಎದ್ದು ಬಸ್ ಹಿಡೀತಿದ್ದೆ. ಸೊಸಿಗೂ ಹೇಳಿ ಬಂದಿದ್ದೆ."

ಅಪ್ಪ ತಲೆ ಎತ್ತಿದ. "ಅದು ನನಗ ಗೊತ್ತಾಗಿತ್ತು" ಎಂದ, ನಿಧಾನಕ್ಕೆ. "ನಾಕೂವರಿಗೆ ನಿಮ್ಮ ಹೆಬ್ಬಟ್ಟು ಬೆವರಿತ್ತು. ಅದಕ್ಕ ಐದು ಹಿಡೀಲಿಲ್ಲ, ಬಿಟ್ಟೆ."

ಸಾವಕಾರರು ತಮ್ಮ ಹೆಬ್ಬೆರಳನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡರು. ಆಮೇಲೆ ಬಿದ್ದು ಬಿದ್ದು ನಕ್ಕರು. ಬಾಗಿಲಲ್ಲಿದ್ದ ರೈತರೂ ನಕ್ಕರು. "ಅಪ್ಪಾ, ನಾ ಹತ್ತಕ್ಕ ಕೊಡಾಕ ಕುಂತಿದ್ದೆ" ಎಂದು ಎಲ್ಲರ ಮುಂದೆ ಹೇಳಿಬಿಟ್ಟೆ. "ನನಗ ಮಾಲೂ ಗೊತ್ತಿರಲಿಲ್ಲ, ಮನಷ್ಯಾನೂ ಗೊತ್ತಿರಲಿಲ್ಲ." ಅವ್ವ ಆರಿದ ಚಾ ಒಯ್ದು ಮತ್ತೆ ಬಿಸಿ ಚಾ ತಂದಳು, ಜೊತೆಗೆ ಮಂಡಕ್ಕಿ.

ಹೆಸರಿನ ಬೀಗ ತೆಗೆದು ಅವರ ಸೊಸೆಯ ಖಾತೆಗೆ ಕಳಿಸಿಕೊಟ್ಟೆ. ಸಾವಕಾರರು ಬಂಕಾಪುರದ ಬಸ್ಸಿಗೆ ಹೋದರು. ಕೋಣೆ ಖಾಲಿಯಾದ ಮೇಲೆ ಅಪ್ಪ ಗಂಟಲು ಸರಿಮಾಡಿಕೊಂಡ.

"ಮತ್ತ, ನನ್ನ ದಲಾಲಿ?"

"ಎಷ್ಟು ಬೇಕು ಹೇಳಪ್ಪಾ."

"ಬಾಯಿಲೆ ಯಾರು ಹೇಳ್ತಾರ?" ಎಂದು ತನ್ನ ವಲ್ಲಿ ಕೈ ಮೇಲೆ ಹಾಸಿದ. "ಸಾವಿರದ ಲೆಕ್ಕ. ಮೊದಲ ಹೇಳೇನಿ, ಆಮ್ಯಾಲ ಸೊನ್ನಿ ತಕರಾರು ತಗೀಬ್ಯಾಡ."

ನಾನು ನಗುತ್ತ ಕೈ ಒಳಗೆ ಹಾಕಿದೆ. ಐದೂ ಬೆರಳು ಹಿಡಿದ. ಮಡಿಸಿ ಎರಡು ಮಾಡಿದೆ. ಒಂದೊಂದೇ ಬಿಡಿಸಿ ನಾಲ್ಕು ಮಾಡಿದ. ಎದ್ದು ಹೋಗುವವಳಂತೆ ಕೈ ಎಳೆದುಕೊಳ್ಳಲು ನೋಡಿದೆ, ಬಿಡಿಸಿಕೊಳ್ಳಲಾಗಲಿಲ್ಲ. ಆ ಕೈಯಲ್ಲಿ ಅಷ್ಟು ಬಲವಿದೆಯೆಂದು ನನಗೆ ಗೊತ್ತೇ ಇರಲಿಲ್ಲ. ಎರಡು ಸಾವಿರ ಕೊಡಬೇಕೆಂದುಕೊಂಡಿದ್ದೆ. ನಾಲ್ಕಕ್ಕೆ ಅದುಮಿದೆ.