ಫಿಂಟಾಸ್‌ನ ಹನ್ನೆರಡು ವಾಷಿಂಗ್ಟೋನಿಯಾ

2021ರಲ್ಲಿ ನಾನು ಕುವೈತಿನ ಸಬ್ಹಾನ್‌ನಲ್ಲಿ ಒಂದು ನರ್ಸರಿಯ ಸೂಪರ್‌ವೈಸರ್ ಆಗಿದ್ದೆ. ಮಾರ್ಚ್‌ನಲ್ಲಿ ಲೇಬಲ್ ಕಳಚಿಹೋದ ಹನ್ನೆರಡು ವಾಷಿಂಗ್ಟೋನಿಯಾ ಬಂದವು. ತಾಳೆಯಂತೆ ಬೀಸಣಿಗೆ ಗರಿಯ ಈ ಮರದಲ್ಲಿ ಎರಡು ಜಾತಿ: ಮೆಕ್ಸಿಕೋದ್ದು ಸಪೂರ, ಕ್ಯಾಲಿಫೋರ್ನಿಯಾದ್ದು ದಪ್ಪ. ಎಲ್ಲರೂ ಸಪೂರದ್ದೆಂದರು. ತಾಳೆ ಹತ್ತಿ ಕಳ್ಳು ಇಳಿಸುತ್ತಿದ್ದವರ ಮಗಳು ನಾನು, ಸುಮ್ಮನೆ ಒಪ್ಪುತ್ತೇನೆಯೇ? ತೊಟ್ಟು ತಿರುಗಿಸಿ ನೋಡಿದೆ. ಬುಡದಲ್ಲಿ ಕೆಂಪು ಮಚ್ಚೆ ಇರಲಿಲ್ಲ, ಗರಿಯಂಚಿನಲ್ಲಿ ಬಿಳಿ ನೂಲು ಧಾರಾಳವಾಗಿತ್ತು. ಕ್ಯಾಲಿಫೋರ್ನಿಯಾದ್ದೇ ಎಂದು ಬರೆದುಕೊಟ್ಟೆ. ಮರ ಕೊಳ್ಳಲಿದ್ದ ಕಟ್ಟಡದ ಮಾಲೀಕರೂ ಅದನ್ನೇ ಕೇಳಿದ್ದರು. ನನಗೆ ಕೋಡು ಮೂಡಿತ್ತು.

ಫಿಂಟಾಸ್‌ನ ಅವರ ಕಟ್ಟಡದ ಮುಂದೆ ನಾನೇ ನಿಂತು ನೆಡಿಸಿದೆ. ಜೂನ್ ಹೊತ್ತಿಗೆ ಹೊಸ ಗರಿಗಳು ಹಳದಿಯಾದವು, ಸುಳಿ ಕಂದಿತು. ಮಾಲೀಕರು ರಿಪೋರ್ಟ್ ಕೇಳಿದರು. ನಮ್ಮ ಮ್ಯಾನೇಜರ್, ಉಪ್ಪಿನಂಗಡಿಯ ಹಮೀದಾಕ, ಬರೆದೇ ತಂದಿದ್ದರು: ನೀರುಣಿಸುವ ಗಫಾರ್ ಭಾಯಿಯ ನಿರ್ಲಕ್ಷ್ಯ. ಅದಕ್ಕೆ ನನ್ನ ಸಹಿ ಬಿದ್ದರೆ ಗಫಾರ್ ಊರಿಗೆ.

"ಮೇಡಂ, ಪಾನಿ ಬರಾಬರ್ ದಿಯಾ," ಎಂದ ಆತ. ಆತ ಸುಳ್ಳು ಹೇಳುವವನಲ್ಲ.

"ಸೈನ್ ಹಾಕು ತಂಗಿ, ಖಲಾಸ್. ನಿನ್ನ ಇಕಾಮಾ ರಿನ್ಯೂವಲ್ ಮುಂದಿನ ತಿಂಗಳು ಉಂಟು, ನೆನಪುಂಟಲ್ಲ?" ಎಂದರು ಹಮೀದಾಕ. ಇಕಾಮಾ ಎಂದರೆ ಇಲ್ಲಿ ಉಳಿಯಲು ಬೇಕಾದ ಪರವಾನಗಿ; ಅದರ ಕಾಗದ ಹೋಗುತ್ತಿದ್ದದ್ದು ಅವರ ಕೈಯಿಂದಲೇ.

"ಉಂಟು. ಹಾಕುದಿಲ್ಲ. ಮೊದಲು ಹಾರೆ ಕೊಡಿ ಹಮೀದಾಕ."

ಅವರ ಎದುರಿಗೇ ಬುಡ ಬಿಡಿಸಿದೆ. ಮಣ್ಣು ಒದ್ದೆಯಿತ್ತು, ನೀರಿಗೆ ಕೊರತೆಯಿರಲಿಲ್ಲ. ಇನ್ನೂ ಅಗೆದೆ. ಬೇರು ಹೊರಡುವ ಕುತ್ತಿಗೆ ಸಿಕ್ಕಿದ್ದು ಒಂದೂವರೆ ಅಡಿ ಕೆಳಗೆ. ಬೇರು ಕಪ್ಪಾಗಿ ನಾರುತ್ತಿತ್ತು. ಊರಿನಲ್ಲಿ ತೆಂಗಿನ ಸಸಿಗೆ ಮೂರಡಿ ಗುಂಡಿ ತೋಡಿ ಆಳಕ್ಕೆ ಇಡುತ್ತೇವಲ್ಲ, ಅದೇ ರೂಢಿಯಲ್ಲಿ ನಾನು ಇದನ್ನೂ ಹೂತಿದ್ದೆ. ಇದರ ಕುತ್ತಿಗೆ ನೆಲಮಟ್ಟದಲ್ಲಿರಬೇಕು, ಇಲ್ಲದಿದ್ದರೆ ಬೇರು ಉಸಿರುಗಟ್ಟುತ್ತದೆ. ತಾನು ತೋಡಿದ ಗುಂಡಿಗೆ ತಾನೇ ಬೀಳುವುದು ಅಂದರೆ ಇದೇ.

ಹಮೀದಾಕ ತಗ್ಗಿದ ದನಿಯಲ್ಲಿ ಹೇಳಿದರು, "ಮಣ್ಣು ಮುಚ್ಚು ಮಾರಾಯ್ತಿ. ಯಾರಿಗೂ ಗೊತ್ತಾಗುದಿಲ್ಲ."

"ನನಗೆ ಗೊತ್ತಾಯ್ತಲ್ಲ!"

ಅವರ ರಿಪೋರ್ಟ್ ಹರಿದು ನಾನೇ ಬರೆದೆ: ಕಾರಣ, ನೆಟ್ಟ ಆಳ. ಹೊಣೆ, ಸೂಪರ್‌ವೈಸರ್. ಹನ್ನೆರಡನ್ನೂ ಎಬ್ಬಿಸಿ, ಕೊಳೆತ ಬೇರು ಕತ್ತರಿಸಿ ಎತ್ತರಕ್ಕೆ ನೆಟ್ಟೆವು. ಒಂಬತ್ತು ಚಿಗುರಿದವು, ಸತ್ತ ಮೂರರ ಜಾಗಕ್ಕೆ ಹೊಸವು ಬಂದವು. ನನ್ನ ಇಕಾಮಾ ಫೈಲ್ ಕೊನೆಯ ದಿನದವರೆಗೆ ಹಮೀದಾಕರ ಮೇಜಿನ ಮೇಲೇ ಕೂತಿತ್ತು. ಕೂರಲಿ ಎಂದು ನಾನೂ ಕೇಳಲು ಹೋಗಲಿಲ್ಲ. ಆ ದಿನವೇ ರಿನ್ಯೂವಲ್ ಆಗಿ ಬಂತು.

ಮರದ ಹೆಸರು ಹೇಳಲು ಬಂದರೆ ಮರ ಗೊತ್ತಿದೆ ಎಂದಲ್ಲ. ಈ ಕೆಲಸ ನನಗೆ ಕಲಿಸಿದ್ದು ಅದನ್ನು. ಈಗಲೂ ಹೊಸಬರನ್ನು ಮೊದಲು ಫಿಂಟಾಸ್‌ಗೇ ಕರೆದೊಯ್ಯುತ್ತೇನೆ. ಸಾಲಿನಲ್ಲಿ ಮೂರು ಮಾತ್ರ ಯಾಕೆ ಗಿಡ್ಡ ಎಂದು ಅವರು ಕೇಳುತ್ತಾರೆ. ಪೈಪ್ ಹಿಡಿದು ನಿಂತ ಗಫಾರ್ ಭಾಯಿಯ ಎದುರಿಗೇ ಹೇಳುತ್ತೇನೆ: "ಆ ಜಾಗದಲ್ಲಿ ಮೊದಲಿದ್ದವನ್ನು ಕೊಂದವಳು ನಾನು."